ಅಹಮದ್ ಬ್ಯಾರಿಗೆ ಒಳತೋಟಿ ಇರಲಿಲ್ಲವೇ?

ಕನ್ನಡ ವಿಮರ್ಶೆ ಮುದ್ದಿನಿಂದ ಸಾಕಿಕೊಂಡು ಬಂದ ಪದಗಳಲ್ಲಿ ‘ಒಳತೋಟಿ’ಯೂ ಒಂದು. ನವ್ಯದ ಕಾಲದಲ್ಲಿ ಪಾತ್ರವೊಂದು ಗೆದ್ದಿತೋ ಸೋತಿತೋ ಎಂಬುದನ್ನು ಅದರ ಒಳತೋಟಿಯ ಆಳದಿಂದಲೇ ಅಳೆಯುತ್ತಿದ್ದರು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯಿಂದ (1961) ಯಶವಂತ ಚಿತ್ತಾಲರ ‘ಶಿಕಾರಿ’ಯವರೆಗೆ (1979) ನಾಯಕನಾದವನು ಹೊರಗಿನ ಲೋಕದೊಂದಿಗೆ ಹೋರಾಡುವುದಕ್ಕಿಂತ ಹೆಚ್ಚಾಗಿ ತನ್ನೊಂದಿಗೇ ಹೋರಾಡುತ್ತಾನೆ. ಉರ್ದುವಿನಲ್ಲಿ ಇದಕ್ಕೆ ‘ಕಶ್ಮಕಶ್’ ಎನ್ನುತ್ತೇವೆ. ಪಾರಸಿಯಿಂದ ಬಂದ ಈ ಪದವನ್ನು ಬಿಡಿಸಿದರೆ ‘ಎಳೆ, ಎಳೆಯಬೇಡ’ ಎಂದಾಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಂದು ನಮ್ಮ ರೈತರು ಹೇಳುವುದೂ ಇದನ್ನೇ. ಆದರೆ ರೈತ ಅದನ್ನು ಉಳುಮೆಗೆ ಒದಗಿದ ತೊಂದರೆ ಎಂದು ತಿಳಿದ. ನವ್ಯರು ಅದನ್ನು ಮನುಷ್ಯನಾಗುವುದಕ್ಕೆ ಇರಬೇಕಾದ ಅರ್ಹತೆ ಎಂದು ತಿಳಿದರು.

ಈ ಅರ್ಹತೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಪಡೆದವನು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯ. ಕತೆ ಓದುಗರಿಗೆ ಗೊತ್ತಿರುವಂಥದು. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಆಚಾರ್ಯ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾನೆ. ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ದೇವರ ಪ್ರಸಾದಕ್ಕಾಗಿ ಕಾಯುತ್ತಾನೆ. ಹೂ ಬೀಳುವುದಿಲ್ಲ. ಹಿಂದಿರುಗುವ ಕತ್ತಲ ದಾರಿಯಲ್ಲಿ ನಾರಣಪ್ಪನ ಜೊತೆಗಿದ್ದ ಚಂದ್ರಿಯ ಸಂಗವಾಗುತ್ತದೆ. ಅಲ್ಲಿಂದ ಮುಂದಿನ ಕಾದಂಬರಿಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಆ ಗಳಿಗೆಯಲ್ಲಿ ನಡೆದುಕೊಂಡವನು ನಾನೇ ಹೌದೆ? ಬಯಸದೆಯೇ ಆಗಿಹೋದದ್ದು ನನ್ನ ಕೃತ್ಯವೆ? ಅದನ್ನು ನನ್ನದೆಂದು ಈಗ ಒಪ್ಪಿಕೊಂಡರೆ ಮಾತ್ರ ನಾನು ಸ್ವತಂತ್ರನೆ? ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದ ಅನಂತಮೂರ್ತಿ ಅಲ್ಲಿದ್ದುಕೊಂಡೇ ಈ ಕಾದಂಬರಿ ಬರೆದರು. ಆಯ್ಕೆ, ಹೊಣೆ, ಅಸ್ತಿತ್ವ ಎಂಬ ಯುರೋಪಿನ ಅಂದಿನ ಮಾತುಗಳು ಮಲೆನಾಡಿನ ಒಂದು ಜಗಲಿಗೆ ಬಂದು ಕುಳಿತ ರೀತಿಗೆ ಇಂದಿಗೂ ತಲೆದೂಗಬೇಕು.

ಆದರೆ ನಾನು ಹೇಳಹೊರಟಿರುವುದು ಅದೇ ರಾತ್ರಿ ನಡೆದ ಇನ್ನೊಂದು ಸಂಗತಿಯ ಬಗ್ಗೆ. ಆಚಾರ್ಯ ಕಾಡಿನಿಂದ ಮರಳಿ ತನ್ನ ಮನಸ್ಸಿನೊಂದಿಗೆ ಜಗಳಕ್ಕೆ ಕುಳಿತಿರುವಾಗ ಚಂದ್ರಿ ನಾರಣಪ್ಪನ ಮನೆಗೆ ಬರುತ್ತಾಳೆ. ಹೆಣ ನಾರುತ್ತಿದೆ. ಈ ಮನುಷ್ಯ ಬ್ರಾಹ್ಮಣನೋ ಅಲ್ಲವೋ ಎಂಬ ತರ್ಕ ಅವಳಿಗೆ ಬೇಡ. ಮೊದಲು ಗಾಡಿಯ ಶೇಷಪ್ಪನ ಬಳಿ ಹೋಗಿ ಕೇಳುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಿ ನರಕಕ್ಕೆ ಹೋಗಲಾರೆ ಎಂದು ಅವನು ಹೆದರುತ್ತಾನೆ. ಆಮೇಲೆ ಅವಳು ಮುಸ್ಲಿಮರ ಕೇರಿಗೆ, ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಬಳಿಗೆ ಹೋಗುತ್ತಾಳೆ. ಹಿಂದೊಮ್ಮೆ ಕೈ ಬರಿದಾಗಿದ್ದಾಗ ಎತ್ತು ಕೊಳ್ಳಲು ನಾರಣಪ್ಪ ಅವನಿಗೆ ಸಾಲ ಕೊಟ್ಟಿದ್ದ. ಬ್ಯಾರಿ ಅದನ್ನು ನೆನೆಯುತ್ತಾನೆ. ಗಾಡಿ ಕಟ್ಟುತ್ತಾನೆ. ಹೆಣವನ್ನೂ ಕಟ್ಟಿಗೆಯನ್ನೂ ಹೇರಿಕೊಂಡು ಸುಡುಗಾಡಿಗೆ ಹೋಗಿ, ಕತ್ತಲಲ್ಲೇ ಸುಟ್ಟು, ಎತ್ತಿನ ಬಾಲ ತಿರುಚಿ ಹೊರಟುಹೋಗುತ್ತಾನೆ. ಅಗ್ರಹಾರಕ್ಕೆ ಸುಳಿವೂ ಇಲ್ಲ. ಒಂದು ಪುಟವನ್ನೂ ತುಂಬದ ಕೆಲವೇ ವಾಕ್ಯಗಳಲ್ಲಿ ಇದು ಮುಗಿಯುತ್ತದೆ.

ಕಾದಂಬರಿಯ ಹೆಸರು ‘ಸಂಸ್ಕಾರ’. ಆ ಪದದ ತೀರ ಸಾದಾ ಅರ್ಥದಲ್ಲಿ ಸಂಸ್ಕಾರ ಮಾಡಿದವನು ಒಬ್ಬ ಬ್ಯಾರಿ, ಮಾಡಿಸಿದವಳು ಚಂದ್ರಿ. ಈ ಕೃತಿಯ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹ ರಾಶಿ ರಾಶಿ ಇದೆ. ನಾನು ಓದಿದ ಮಟ್ಟಿಗೆ ಅದರಲ್ಲಿ ಅಹಮದ್ ಬ್ಯಾರಿಗೆ ಸಿಕ್ಕಿರುವುದು ಆವರಣದೊಳಗಿನ ಒಂದು ಮಾತು, ಹೆಚ್ಚೆಂದರೆ ಒಂದು ವಾಕ್ಯ: ‘ಕೊನೆಗೆ ಮುಸ್ಲಿಮನೊಬ್ಬನ ನೆರವಿನಿಂದ ಹೆಣ ಸುಡಲಾಗುತ್ತದೆ.’ ಇದು ಮರೆವಲ್ಲ. ಒಳತೋಟಿ ಇರುವಲ್ಲಿ ಮಾತ್ರ ಮನುಷ್ಯನಿದ್ದಾನೆ ಎಂದು ಮೊದಲೇ ತೀರ್ಮಾನಿಸಿಕೊಂಡು ಓದಿದರೆ ಗಾಡಿ ಹೊಡೆಯುವವನು ಗಾಡಿಯ ಭಾಗವಾಗಿಯೇ ಕಾಣುತ್ತಾನೆ.

ಕಾದಂಬರಿಯಲ್ಲಿ ಮುಸ್ಲಿಮರು ಮೂರು ರೀತಿಯಲ್ಲಿ ಬರುತ್ತಾರೆ. ನಾರಣಪ್ಪನ ಜೊತೆ ಕುಡಿದು ತಿನ್ನುವ, ದೇವರ ಕೊಳದ ಮೀನು ಹಿಡಿಯುವ ಸ್ನೇಹಿತರಾಗಿ ಒಮ್ಮೆ. ಒಂದು ಬೆದರಿಕೆಯಾಗಿ ಇನ್ನೊಮ್ಮೆ. ಬಹಿಷ್ಕಾರ ಹಾಕಿದರೆ ಮುಸ್ಲಿಮನಾಗಿಬಿಡುತ್ತೇನೆ ಎಂದು ನಾರಣಪ್ಪ ಹೆದರಿಸಿದ್ದರಿಂದಲೇ ಅಗ್ರಹಾರ ಅವನನ್ನು ಹೊರಗೆ ಹಾಕಲಾರದೆ ಹೋಯಿತು. ಹೊರಗೆ ಹಾಕದೆ ಇದ್ದದ್ದರಿಂದಲೇ ಅವನ ಹೆಣ ಯಾರದು ಎಂಬ ಪೇಚು ಹುಟ್ಟಿತು. ಅಂದರೆ ಇಡೀ ಕತೆಯ ಗಂಟು ಬಿದ್ದಿರುವುದೇ ‘ಮುಸ್ಲಿಮ’ ಎಂಬ ಭಯದ ಮೇಲೆ. ಮೂರನೆಯದು ಅಹಮದ್ ಬ್ಯಾರಿ. ಭಯವಾಗಿದ್ದದ್ದು ಇಲ್ಲಿ ಹೆಗಲಾಗಿ ಬರುತ್ತದೆ. ಅನಂತಮೂರ್ತಿ ಇದನ್ನು ಗೊತ್ತಿದ್ದೇ ಹೆಣೆದರೋ, ಕತೆ ಅವರ ಕೈಯಿಂದ ತಾನೇ ಹೆಣೆಸಿಕೊಂಡಿತೋ, ಹೆಣಿಗೆಯಂತೂ ಗಟ್ಟಿಯಾಗಿದೆ.

ಅನಂತಮೂರ್ತಿಯವರಿಗೆ ಸಲ್ಲಬೇಕಾದ ಮೆಚ್ಚುಗೆ ಇನ್ನೊಂದಿದೆ. ಅವರು ಬ್ಯಾರಿಯನ್ನು ಸಂತನನ್ನಾಗಿ ಮಾಡಲಿಲ್ಲ. ನಮ್ಮ ಸಿನಿಮಾಗಳ ರಹೀಮ್ ಚಾಚಾನಂತೆ, ನಾಯಕನಿಗಾಗಿ ಪ್ರಾಣ ಬಿಡಲೆಂದು ಎರಡನೇ ರೀಲಿನಿಂದಲೇ ಕಾದು ಕುಳಿತ ಮುದುಕ ಇವನಲ್ಲ. ಇವನಿಗೆ ಒಂದು ಸಾಲದ ನೆನಪಿದೆ, ಒಂದು ಗಾಡಿ ಇದೆ, ಅಷ್ಟೆ. ಕೋಮುಸೌಹಾರ್ದದ ಭಾಷಣ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಾಲದ ಋಣ ತೀರಿಸಿದವನನ್ನು ಸ್ವತಂತ್ರವಾಗಿ ನಡೆದುಕೊಂಡವನು ಎನ್ನುವುದು ಹೇಗೆ? ಋಣವೂ ಒಂದು ಕಟ್ಟೇ ಅಲ್ಲವೇ? ಆಚಾರ್ಯನಾದರೋ ಎಲ್ಲ ಕಟ್ಟುಗಳಿಂದ ಬಿಡಿಸಿಕೊಂಡು, ತನ್ನ ಕೃತ್ಯವನ್ನು ತಾನೇ ಆರಿಸಿಕೊಳ್ಳಲು ಹೆಣಗುತ್ತಿದ್ದಾನೆ. ಸ್ವಂತಿಕೆಯ ದಾರಿ ಅದೇ ಅಲ್ಲವೇ?

ಆಚಾರ್ಯ ಹೆಣಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. ಕತೆಯ ಮೊದಲ ಭಾಗದಲ್ಲಿ ಅವನು ನಾರಣಪ್ಪನ ಹೆಣದ ವಿಚಾರಕ್ಕೆ ತಾಳೆಗರಿಗಳಲ್ಲಿ ತೀರ್ಪು ಹುಡುಕುತ್ತಾನೆ. ಎರಡನೆಯ ಭಾಗದಲ್ಲಿ ತನ್ನ ವಿಚಾರಕ್ಕೆ ತನ್ನೊಳಗೆ ತೀರ್ಪು ಹುಡುಕುತ್ತಾನೆ. ಗ್ರಂಥ ಬದಲಾಯಿತು, ಹುಡುಕುವ ಚಾಳಿ ಬದಲಾಗಲಿಲ್ಲ. ಮೇಳಿಗೆಯ ಜಾತ್ರೆಯಲ್ಲಿ ಪುಟ್ಟನ ಹಿಂದೆ ಅಲೆಯುತ್ತಾ, ಹೆಂಡತಿ ಸತ್ತ ಸೂತಕದಲ್ಲೇ ದೇವಸ್ಥಾನದ ಊಟಕ್ಕೆ ಕುಳಿತು, ಯಾರಾದರೂ ಗುರುತು ಹಿಡಿದಾರು ಎಂದು ಓಡುವಾಗಲೂ ಅವನೊಳಗೆ ನಡೆಯುತ್ತಿರುವುದು ಒಂದು ವಿದ್ವತ್ ಸಭೆಯೇ. ವಾದಿ, ಪ್ರತಿವಾದಿ, ಮಧ್ಯಸ್ಥ ಎಲ್ಲ ಅವನೇ. ಉರ್ದು ಬಲ್ಲವರಿಗೆ ನಫ್ಸಿನ ಮೂರು ಅವಸ್ಥೆಗಳು ಪರಿಚಿತ: ಕೆಡುಕಿಗೆ ಎಳೆಯುವ ‘ಅಮ್ಮಾರಾ’, ತನ್ನನ್ನು ತಾನೇ ಛೀಮಾರಿ ಹಾಕಿಕೊಳ್ಳುವ ‘ಲವ್ವಾಮಾ’, ನೆಮ್ಮದಿಗೊಂಡ ‘ಮುತ್ಮಇನ್ನಾ’. ಆಚಾರ್ಯ ಮೊದಲನೆಯದನ್ನು ಒಂದು ರಾತ್ರಿ ಕಂಡು, ಎರಡನೆಯದರಲ್ಲಿ ಬಿಡಾರ ಹೂಡಿದವನು. ಕಾದಂಬರಿ ಮುಗಿಯುವಾಗಲೂ ಅವನು ಗಾಡಿಯಲ್ಲಿ ಕುಳಿತು ಕಾಯುತ್ತಿರುತ್ತಾನೆ. ಅವನು ಏನು ಮಾಡಿದ ಎಂಬುದು ನಮಗೆ ತಿಳಿಯುವುದಿಲ್ಲ.

ವಿ.ಎಸ್. ನೈಪಾಲ್ 1977ರಲ್ಲಿ ಪ್ರಕಟಿಸಿದ, ಗಾಯಗೊಂಡ ನಾಗರಿಕತೆ ಎಂದು ಇಂಡಿಯಾವನ್ನು ಕರೆದ ಪುಸ್ತಕದಲ್ಲಿ ಈ ಆಚಾರ್ಯನನ್ನು ಹಿಡಿದುಕೊಂಡು ದೊಡ್ಡದೊಂದು ವಾದ ಕಟ್ಟಿದ್ದಾರೆ. ಜಾತಿ, ಮನೆತನ, ಆಚಾರಗಳ ಹೊರಗೆ ಇಲ್ಲಿನ ಮನುಷ್ಯನಿಗೆ ‘ತಾನು’ ಎಂಬುದೇ ಇಲ್ಲ, ಆ ಚೌಕಟ್ಟು ಮುರಿದರೆ ಅವನು ಕುಸಿಯುತ್ತಾನೆ ಎಂಬುದು ಅದರ ಸಾರ. ಮನೋವಿಶ್ಲೇಷಕ ಸುಧೀರ್ ಕಕ್ಕರ್ ಅವರ ಮಾತುಗಳೂ ಅವರ ನೆರವಿಗೆ ಬಂದವು. ಇದರಿಂದ ಕನ್ನಡಿಗರಿಗೆ ಸಿಟ್ಟು ಬಂದದ್ದು ಸಹಜ. ಆಚಾರ್ಯನ ಮಟ್ಟಿಗೆ ನೈಪಾಲ್ ಹೇಳಿದ್ದರಲ್ಲಿ ಸತ್ಯವಿದೆ ಎಂದು ನಾನು ತಿಳಿದಿದ್ದೇನೆ. ಅವರ ತಪ್ಪು ಬೇರೆಡೆ ಇದೆ. ಅವರು ಆಚಾರ್ಯನನ್ನೇ ಇಡೀ ಇಂಡಿಯಾ ಎಂದುಕೊಂಡರು. ಚಂದ್ರಿ ಇಂಡಿಯಾ ಅಲ್ಲವೇ? ಗಾಡಿ ಕಟ್ಟಿದವನು? ನೈಪಾಲರನ್ನು ಬೈದ ನಮ್ಮ ವಿಮರ್ಶಕರೂ ಈ ಒಂದು ವಿಷಯದಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು.

ಇನ್ನು ಬ್ಯಾರಿಯ ವಿಷಯ. ಅವನ ಋಣದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸಾಲ ಪಡೆದವನು ಸಾಲ ತೀರಿಸಬೇಕು ಎಂಬ ಕಟ್ಟಳೆ ಇದೆ, ಸರಿ. ಆದರೆ ಸತ್ತವನ ಹೆಣವನ್ನು ಕತ್ತಲಲ್ಲಿ ಹೊತ್ತು ಸುಡಬೇಕೆಂದು ಯಾವ ಕಟ್ಟಳೆಯೂ ಅವನಿಗೆ ಹೇಳಿರಲಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದು ವ್ಯಾಪಾರ ಮಾಡುವ ಬ್ಯಾರಿಗಳು ಮಲೆನಾಡಿನ ಊರುಗಳಿಗೆ ಹೊಸಬರಲ್ಲ. ಅವರ ಬದುಕು ನಿಂತಿರುವುದು ಊರವರ ಒಪ್ಪಿಗೆಯ ಮೇಲೆ. ಬ್ರಾಹ್ಮಣನ ಹೆಣ ಮುಟ್ಟಿದ ಸುದ್ದಿ ಹೊರಬಿದ್ದರೆ ಶೇಷಪ್ಪನಿಗೆ ನರಕದ ಭಯ, ಬ್ಯಾರಿಗೆ ಇದೇ ಲೋಕದ ಭಯ.

ಇನ್ನೂ ಒಂದು ಸೂಕ್ಷ್ಮವಿದೆ. ಅದು ಕಣ್ಣಿಗೆ ಬಿದ್ದ ಮೇಲೆ ನನಗೆ ಆ ಪುಟವನ್ನು ಮೊದಲಿನಂತೆ ಓದಲು ಆಗುತ್ತಿಲ್ಲ. ಅಹಮದ್ ಬ್ಯಾರಿಯವರಲ್ಲಿ ಹೆಣ ಸುಡುವುದಿಲ್ಲ, ಹೂಳುತ್ತಾರೆ. ಹೆಣವನ್ನು ಮೀಯಿಸಿ, ಕಫನ್ ತೊಡಿಸಿ, ಜನಾಝಾ ನಮಾಝ್ ಮಾಡಿ, ಮಣ್ಣು ಕೊಡುತ್ತಾರೆ. ಬೆಂಕಿ ಅವನು ಚಿಕ್ಕಂದಿನಿಂದ ಕೇಳಿಕೊಂಡು ಬಂದಂತೆ ಜಹನ್ನಮಿನದು. ಮನುಷ್ಯನ ದೇಹಕ್ಕೆ ಕೈಯಾರೆ ಕೊಳ್ಳಿ ಇಡುವುದು ಅವನಿಗೆ ಆ ರಾತ್ರಿ ಎಂಥ ಅನುಭವವಾಗಿರಬಹುದು? ಗುಂಡಿ ತೋಡಿ ಮುಚ್ಚಿಬಿಡುವುದು ಅವನಿಗೆ ಗೊತ್ತಿದ್ದ ಕೆಲಸ, ಹೊಗೆಯಿಲ್ಲ, ಬೆಳಕಿಲ್ಲ, ಸಿಕ್ಕಿಬೀಳುವ ಭಯವೂ ಕಡಿಮೆ. ಆದರೂ ಕಟ್ಟಿಗೆ ಹೇರಿಕೊಂಡು ಹೋಗಿದ್ದಾನೆ. ಅಂದರೆ ಎಲ್ಲೋ ಒಂದು ಗಳಿಗೆಯಲ್ಲಿ, ಮನೆಯ ಬಾಗಿಲಲ್ಲೋ ಗಾಡಿ ಕಟ್ಟುವಾಗಲೋ, ‘ಇವನು ನನ್ನವನಲ್ಲ, ಇವನಿಗೆ ಸಲ್ಲಬೇಕಾದದ್ದು ಇವನವರ ಪದ್ಧತಿ’ ಎಂಬುದು ಅವನಲ್ಲಿ ತೀರ್ಮಾನವಾಗಿದೆ. ತನ್ನ ಧರ್ಮವನ್ನು ಬಿಡದೆ, ಅದನ್ನು ಸತ್ತವನ ಮೇಲೆ ಹೇರದೆ, ಪರಧರ್ಮದವನ ಹೆಣಕ್ಕೆ ಅವನದೇ ಧರ್ಮದ ಬೆಂಕಿ ಕೊಟ್ಟ. ಮಂತ್ರ ಬರುತ್ತಿರಲಿಲ್ಲ, ಹೇಳಲಿಲ್ಲ. ವೇದಾಂತ ಶಿರೋಮಣಿ ದಿನಗಟ್ಟಲೆ ಗ್ರಂಥ ತಿರುವಿಯೂ ಮುಟ್ಟಲಾಗದ ನಿರ್ಣಯ ಇದು. ಇದಕ್ಕೆ ಒಳತೋಟಿ ಬೇಕಾಗಿರಲಿಲ್ಲ ಎಂದು ಯಾರು ಹೇಳಿದರು? ಅದನ್ನು ಬರೆಯಲಿಲ್ಲ, ಅಷ್ಟೆ.

ಬರೆಯದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಇನ್ನೊಂದು ದೇಶದ ಕತೆಯಿಂದ ತೋರಿಸಬಹುದು. ಮಾರ್ಕ್ ಟ್ವೇನನ ಹಕಲ್‌ಬೆರಿ ಫಿನ್ ಎಂಬ ಹುಡುಗ, ಜಿಮ್ ಎಂಬ ಓಡಿಬಂದ ಗುಲಾಮನ ಜೊತೆ ಮಿಸಿಸಿಪ್ಪಿ ನದಿಯಲ್ಲಿ ತೆಪ್ಪದ ಮೇಲೆ ಹೊರಟಿದ್ದಾನೆ. ಗುಲಾಮ ಒಡತಿಯ ಸೊತ್ತು, ಅವನನ್ನು ಓಡಿಸುವುದು ಕಳ್ಳತನ, ಕಳ್ಳತನಕ್ಕೆ ನರಕ ಎಂದು ಅವನಿಗೆ ಕಲಿಸಿದ್ದಾರೆ. ಅವನು ಅದನ್ನು ನಂಬುತ್ತಾನೆ ಕೂಡ. ಒಡತಿಗೆ ಕಾಗದ ಬರೆದು ಜಿಮ್ ಇರುವ ಜಾಗ ತಿಳಿಸುತ್ತಾನೆ. ಬರೆದು ಮನಸ್ಸು ಹಗುರವಾಯಿತು ಎಂದುಕೊಳ್ಳುವಾಗ ಜಿಮ್ ತನ್ನನ್ನು ನೋಡಿಕೊಂಡ ರಾತ್ರಿಗಳು ನೆನಪಾಗುತ್ತವೆ. ಕಾಗದ ಹರಿದುಹಾಕುತ್ತಾನೆ, ನರಕಕ್ಕೇ ಹೋಗಲು ಸಿದ್ಧನಾಗುತ್ತಾನೆ. ತಾನು ಮಾಡಿದ್ದು ಸರಿ ಎಂದು ಅವನಿಗೆ ಅನಿಸುವುದೇ ಇಲ್ಲ. ವಾದದಲ್ಲಿ ಸೋತಿದ್ದಾನೆ, ನಡೆಯಲ್ಲಿ ಗೆದ್ದಿದ್ದಾನೆ. ಅವನ ಆತ್ಮಸಾಕ್ಷಿ ಅಂದದ್ದು ಊರಿನವರ ಮಾತು, ಅವನ ಕೈ ಮಾಡಿದ್ದೇ ಅವನ ಮಾತು.

ಟ್ವೇನ್ ಇದನ್ನು ಹಕ್‌ನ ಬಾಯಿಂದಲೇ ಹೇಳಿಸಿದ. ಅದೇ ಕತೆಯನ್ನು ಒಡತಿಯ ಮನೆಯ ವರಾಂಡದಲ್ಲಿ ಕುಳಿತು ಬರೆದಿದ್ದರೆ? ‘ಆ ಪೋಲಿ ಹುಡುಗ ಗುಲಾಮನನ್ನು ಓಡಿಸಿಕೊಂಡು ಹೋದ’ ಎಂಬ ಒಂದೇ ವಾಕ್ಯ. ಹುಡುಗನಿಗೆ ಒಳತೋಟಿ ಎಂಬುದೇ ಇಲ್ಲ ಎಂದು ಅಲ್ಲಿಯ ವಿಮರ್ಶಕರೂ ಬರೆಯುತ್ತಿದ್ದರು. ಲೇಖಕ ಎಲ್ಲಿ ಕುಳಿತಿದ್ದಾನೆ ಎಂಬುದರ ಮೇಲೆ ಯಾರಿಗೆ ಅಂತರಂಗ ಸಿಗುತ್ತದೆ ಎಂಬುದು ತೀರ್ಮಾನವಾಗುತ್ತದೆ. ‘ಸಂಸ್ಕಾರ’ದ ಲೇಖಕ ಅಗ್ರಹಾರದ ಜಗಲಿಯಲ್ಲಿ ಕುಳಿತಿದ್ದ. ಆ ಜಗಲಿಯನ್ನು ಅವನಷ್ಟು ನಿಷ್ಠುರವಾಗಿ ಕಂಡವರು ಕಡಿಮೆ. ಬ್ಯಾರಿಯ ಮನೆ ಅಲ್ಲಿಂದ ಕಾಣುವುದಿಲ್ಲ.

ಆ ಮನೆಯಲ್ಲಿ ಕುಳಿತು ಬರೆಯುವವರು ಕನ್ನಡಕ್ಕೆ ಬಂದದ್ದು ಎಪ್ಪತ್ತು-ಎಂಬತ್ತರ ದಶಕಗಳಲ್ಲಿ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯಲ್ಲಿ ಬ್ಯಾರಿಗಳಿಗೆ ಹೆಸರಿದೆ, ಅಡ್ಡಹೆಸರಿದೆ, ಅಸೂಯೆ ಇದೆ, ನಗೆ ಇದೆ. ಫಕೀರ್ ಮುಹಮ್ಮದ್ ಕಟ್ಪಾಡಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇವರೆಲ್ಲ ಅದೇ ಮನೆಯ ಬೇರೆ ಬೇರೆ ಕೋಣೆಗಳ ದೀಪ ಹಚ್ಚಿದವರು. ಈಗ ನಮ್ಮ ಪಾತ್ರಗಳಿಗೂ ಒಳತೋಟಿ ಇದೆ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಒಪ್ಪಿಗೆಯ ಜೊತೆಗೆ ಒಂದು ಶರತ್ತೂ ಬಂದಿದೆ. ಮುಸ್ಲಿಮ್ ಪಾತ್ರಕ್ಕೆ, ಅದರಲ್ಲೂ ಹೆಣ್ಣಿಗೆ, ಇರಬಹುದಾದ ಒಳತೋಟಿ ಒಂದೇ: ಧರ್ಮವೋ ಸ್ವಾತಂತ್ರ್ಯವೋ. ಅವಳು ಬುರ್ಖಾ ತೆಗೆದರೆ ಒಳಗಿನ ನಿಜವಾದ ಅವಳು ಹೊರಬಂದಳು. ತೆಗೆಯದಿದ್ದರೆ ಅವಳು ಇನ್ನೂ ನಿಜವಾದ ಅವಳಲ್ಲ. ಮನೆಯೊಳಗಿನವರ ಲೆಕ್ಕ ಇದಕ್ಕೆ ತಿರುಗುಮುರುಗು: ತೆಗೆದವಳು ಕೆಟ್ಟ ಸಹವಾಸಕ್ಕೆ ಮರುಳಾದವಳು. ನನ್ನದೇ ಒಂದು ಕತೆಯ ಕರಡು ಓದಿದ ಹಿರಿಯರೊಬ್ಬರು, ‘ನಿಮ್ಮ ನಾಯಕಿ ಕೊನೆಗೂ ಅತ್ತೆಯ ಜೊತೆ ಜಗಳವಾಡುವುದು ಹೊಲಿಗೆ ಯಂತ್ರಕ್ಕಾಗಿ. ಇದರಲ್ಲಿ ಮುಸ್ಲಿಮ್ ಸಮಸ್ಯೆ ಎಲ್ಲಿದೆ?’ ಎಂದು ಕೇಳಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

ಈ ‘ನಿಜವಾದ ತಾನು’ ಎಂಬುದನ್ನು ಹೊರಗಿನವರು ಹೇಗೆ ಆರಿಸುತ್ತಾರೆ ಎಂಬುದರ ಬಗ್ಗೆ ಜಾರ್ಜ್ ನ್ಯೂಮನ್, ಪಾಲ್ ಬ್ಲೂಮ್, ಜೋಶುವಾ ನೋಬ್ ಎಂಬ ಅಮೆರಿಕದ ವಿದ್ವಾಂಸರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ಮನುಷ್ಯನ ನಂಬಿಕೆ ಒಂದು ಕಡೆ, ಸೆಳೆತ ಇನ್ನೊಂದು ಕಡೆ ಎಳೆಯುತ್ತಿದ್ದರೆ ಯಾವುದು ಅವನ ನಿಜವಾದ ಅಂತರಂಗ ಎಂದು ಜನರನ್ನು ಕೇಳಿದರು. ನಂಬಿಕೆಯೇ ಯಾವಾಗಲೂ ನಿಜ, ಸೆಳೆತವೇ ಯಾವಾಗಲೂ ನಿಜ ಎಂಬ ನಿಯಮವೇನೂ ಕಾಣಲಿಲ್ಲ. ಉತ್ತರ ಕೊಡುವವರಿಗೆ ಯಾವುದು ಒಳ್ಳೆಯದೆಂದು ತೋರುತ್ತದೋ ಅದನ್ನೇ ಅವನ ನಿಜವಾದ ಅಂತರಂಗ ಎಂದು ಅವರು ಹೇಳುವುದು ಕಂಡುಬಂತು. ಪ್ರಾಣೇಶಾಚಾರ್ಯನನ್ನು ಓದಿದವರಲ್ಲೂ ಇದೇ ಆಗಿದೆ. ಚಂದ್ರಿಯ ಮಡಿಲಲ್ಲಿ ಎಚ್ಚರಗೊಂಡವನೇ ನಿಜವಾದ ಆಚಾರ್ಯ ಎಂದು ಕೆಲವರು, ನಿಜವಾದ ಆಚಾರ್ಯ ಅಲ್ಲಿ ಜಾರಿದ ಎಂದು ಕೆಲವರು. ಇಬ್ಬರೂ ಹೇಳುತ್ತಿರುವುದು ತಮ್ಮ ಬಗ್ಗೆ.

ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾಳನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಅವಳ ಮದುವೆ, ತಲಾಕು, ಮರುಮದುವೆಗೆ ಮುನ್ನ ಬೇರೊಬ್ಬನ ಜೊತೆ ಒಂದು ರಾತ್ರಿಯ ಮದುವೆಯ ಶರತ್ತು, ಎಲ್ಲವನ್ನೂ ಗಂಡಸರೇ ನಿರ್ಧರಿಸುತ್ತಾರೆ. ಕೊನೆಗೆ ಅವಳು ಮಸೀದಿಯ ಕೊಳದ ಕಡೆ ನಡೆಯುತ್ತಾಳೆ. ಅದೊಂದೇ ಅವಳ ಸ್ವತಂತ್ರ ನಡೆ ಎಂದು ಹೊಗಳುವ ಮಾತನ್ನು ನಾನು ಕೇಳಿದ್ದೇನೆ. ಆ ಹೊಗಳಿಕೆ ನನಗೆ ಸೇರದು. ಇರುವ ದಾರಿಗಳನ್ನೆಲ್ಲ ಮುಚ್ಚಿ ಒಂದನ್ನೇ ತೆರೆದಿಟ್ಟವರು, ಅದರಲ್ಲಿ ನಡೆದವಳನ್ನು ಸ್ವತಂತ್ರಳು ಎಂದು ಕರೆದರೆ ಅದು ಅವರ ಅನುಕೂಲಕ್ಕೆ. ಸಾರಾ ಅವರ ಸಿಟ್ಟು ಆ ಮುಚ್ಚಿದ ದಾರಿಗಳ ಮೇಲೆ ಇತ್ತು.

ಬಾನು ಮುಷ್ತಾಕರ ‘ಎದೆಯ ಹಣತೆ’ಯ ಮೆಹರುನ್ ಕೂಡ ಅಂಥದೇ ಅಂಚಿಗೆ ಬರುತ್ತಾಳೆ. ದೀಪಾ ಭಾಸ್ತಿಯವರ ಅನುವಾದದ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅದಕ್ಕೆ ಹೆಸರು ಕೊಟ್ಟ ಕತೆ ಅದು. ಗಂಡ ಬೇರೊಬ್ಬಳ ಕಡೆ ಹೋಗಿದ್ದಾನೆ, ತವರಿನ ಅಣ್ಣಂದಿರು ಮಾನದ ಮಾತಾಡಿ ಹಿಂದಕ್ಕೆ ತಂದು ಬಿಟ್ಟಿದ್ದಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತವಳನ್ನು ತಡೆಯುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ, ಅವಳ ಒಳಗಿನ ವಾದವೂ ಅಲ್ಲ. ಎಳೆಗೂಸನ್ನು ಎತ್ತಿಕೊಂಡು ಬಂದ ಮಗಳು. ಮೆಹರುನ್ ಆಗ ಸೋತಳೇ? ಕಟ್ಟಿಗೆ ಮಣಿದಳೇ? ನನಗೆ ಆ ಮಗಳ ದನಿ ಕೇಳಿಸುವಾಗ, ಸಾಲದ ನೆನಪಾದ ಕೂಡಲೆ ಗಾಡಿ ಕಟ್ಟಲು ಎದ್ದವನ ಸದ್ದೂ ಕೇಳಿಸುತ್ತದೆ. ಇಬ್ಬರೂ ತಮ್ಮೊಳಗೆ ಇಳಿದು ಅಲ್ಲಿಂದ ಏನನ್ನೋ ಕಂಡುಹಿಡಿದು ತರಲಿಲ್ಲ. ಇನ್ನೊಬ್ಬರ ಕಡೆ ತಿರುಗಿದರು. ಆ ತಿರುಗುವಿಕೆಯನ್ನು ಬೇರೆ ಯಾರೂ ಅವರ ಪರವಾಗಿ ಮಾಡಿಕೊಡುವಂತಿರಲಿಲ್ಲ. ಉರ್ದುವಿನಲ್ಲಿ ಇಕ್ಬಾಲರಿಂದ ಕಲಿತ ‘ಖುದಿ’ ಎಂಬ ಪದವನ್ನು ನಾವು ಬಲು ಎತ್ತರದ ಗಿಡುಗನಂತೆ ಆಕಾಶದಲ್ಲೇ ಹಾರಿಸುತ್ತೇವೆ. ಅದು ಸುಡುಗಾಡಿನ ದಾರಿಯಲ್ಲಿ ಗಾಡಿಯ ಮೂಕಿಯ ಮೇಲೂ ಕುಳಿತಿರಬಹುದು.

ಮಾರನೆಯ ಬೆಳಿಗ್ಗೆ ಚಂದ್ರಿ ಕುಂದಾಪುರದ ಬಸ್ಸಿಗೆ ಹೊರಡುತ್ತಾಳೆ. ಆಚಾರ್ಯನ ಹೆಸರನ್ನು ಅವಳು ಯಾರಿಗೂ ಹೇಳುವುದಿಲ್ಲ. ಅದು ಅವಳದೇ ತೀರ್ಮಾನ, ಅದಕ್ಕೂ ನಮ್ಮ ವಿಮರ್ಶೆ ಹೆಚ್ಚು ಶಾಯಿ ಖರ್ಚು ಮಾಡಿಲ್ಲ. ಅಹಮದ್ ಬ್ಯಾರಿಯ ಮಾರನೆಯ ಬೆಳಿಗ್ಗೆ ಕಾದಂಬರಿಯಲ್ಲಿಲ್ಲ. ಮೈಗೆ ಹತ್ತಿದ ಹೊಗೆಯ ವಾಸನೆಗೆ ಹೆಂಡತಿ ಏನು ಕೇಳಿದಳು, ಅವನು ಏನು ಹೇಳಿದ, ಮಿಂದ ಮೇಲೆ ನಮಾಝಿಗೆ ನಿಂತನೇ, ಯಾರಿಗಾಗಿ ದುಆ ಮಾಡಿದ, ಅದೇ ಗಾಡಿಗೆ ಮತ್ತೆ ಮೀನಿನ ಬುಟ್ಟಿ ಹೇರುವ ಮುನ್ನ ಹಲಗೆಗಳನ್ನು ತೊಳೆದನೇ. ‘ಸಂಸ್ಕಾರ’ ಬಂದು ಅರವತ್ತು ವರ್ಷಗಳು ಕಳೆದಿವೆ. ಈ ಬೆಳಗನ್ನು ಯಾರಾದರೂ ಬರೆದಿದ್ದರೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.